ಒಂದು ವಾದ್ಯ ಸಾಲದು ಅನ್ನುವವರಿಗೆ: ಬೆಂಗಳೂರಿನಲ್ಲಿದ್ದುಕೊಂಡು ಜಾಝ್‌ನಲ್ಲಿ ಎರಡು ಮೂರು ವಾದ್ಯ ನುಡಿಸುವುದು ಹೇಗೆ

ಸ್ಯಾಕ್ಸೋಫೋನ್ ಒಂದು ಮಟ್ಟಕ್ಕೆ ಕೈಗೆ ಹತ್ತಿದ ಮೇಲೆ ಸುಮಾರು ಜನಕ್ಕೆ ಒಂದು ಆಸೆ ಶುರುವಾಗುತ್ತದೆ. ಕ್ಲಾರಿನೆಟ್ ಕೂಡ ಊದಬೇಕು. ಫ್ಲೂಟ್ (ಪಾಶ್ಚಾತ್ಯರ ಲೋಹದ ಕೊಳಲು) ಕೂಡ ಇರಲಿ. ಪಕ್ಕದಲ್ಲಿ ಮೂರು ಸ್ಟ್ಯಾಂಡ್ ನಿಲ್ಲಿಸಿಕೊಂಡು ಒಂದಾದ ಮೇಲೆ ಒಂದು ಎತ್ತಿಕೊಳ್ಳುವವರನ್ನು ನೋಡಿದರೆ ಯಾರಿಗೆ ತಾನೇ ಆಸೆ ಆಗಲ್ಲ, ಹೇಳಿ. ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಇಲ್ಲಿ ಬರೀ ಜಾಝ್ ನುಡಿಸಿ ಮನೆ ಬಾಡಿಗೆ ಕಟ್ಟುವುದು ಕಷ್ಟ. ಎರಡು ವಾದ್ಯ ಬರುತ್ತದೆ ಅಂದರೆ ಫೋನ್ ಸ್ವಲ್ಪ ಜಾಸ್ತಿ ಬರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಫ್ಲೂಟ್ ತುಟಿಗೆ ಇಟ್ಟಾಗ ಕೇಳುವವರಿಗೆ ‘ಇವರು ಫ್ಲೂಟಿನವರು’ ಅಂತಲೇ ಅನ್ನಿಸಬೇಕು. ‘ಸ್ಯಾಕ್ಸೋಫೋನಿನವರು ಫ್ಲೂಟನ್ನೂ ಪ್ರಯತ್ನಿಸುತ್ತಿದ್ದಾರೆ’ ಅನ್ನಿಸಿದರೆ ಅದನ್ನು ಡಬ್ಬಿಯಲ್ಲೇ ಬಿಡುವುದು ವಾಸಿ. ಇಷ್ಟು ಒಪ್ಪಿಗೆಯಾದರೆ ಮುಂದೆ ಓದಿ.

ಮೊದಲು ಈ ದಾರಿಯಲ್ಲಿ ನಡೆದವರನ್ನು ನೋಡಿ

ಅಮೆರಿಕದ ಜಾಝ್ ವಾದಕ ಎರಿಕ್ ಡಾಲ್ಫಿ ಅವರಿಂದ ಶುರು ಮಾಡಿ. 1928ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವರು. ಚಿಕ್ಕ ಹುಡುಗನಾಗಿದ್ದಾಗ ಕ್ಲಾರಿನೆಟ್, ಆಮೇಲೆ ಆಲ್ಟೊ ಸ್ಯಾಕ್ಸೋಫೋನ್, ಮುಂದೆ ಫ್ಲೂಟ್ ಮತ್ತು ಬೇಸ್ ಕ್ಲಾರಿನೆಟ್. ಅಪ್ಪ ಅಮ್ಮ ಹಿತ್ತಲಲ್ಲಿ ಅಭ್ಯಾಸಕ್ಕೆ ಅಂತಲೇ ಒಂದು ಜಾಗ ಮಾಡಿಕೊಟ್ಟಿದ್ದರು. 1940ರ ದಶಕದ ಕೊನೆಯಲ್ಲಿ ರಾಯ್ ಪೋರ್ಟರ್ ಅವರ ದೊಡ್ಡ ಬ್ಯಾಂಡ್, ನಂತರ ಸೈನ್ಯ, 1958ರಲ್ಲಿ ಡ್ರಮ್ಮರ್ ಚಿಕೊ ಹ್ಯಾಮಿಲ್ಟನ್ ಅವರ ತಂಡ, 1959ರಲ್ಲಿ ನ್ಯೂಯಾರ್ಕ್. ಸ್ವಂತ ಹೆಸರಿನಲ್ಲಿ ಮೊದಲ ಆಲ್ಬಂ ರೆಕಾರ್ಡ್ ಆದದ್ದು 1960ರಲ್ಲಿ, ಆಗ ವಯಸ್ಸು 31. ಅಂದರೆ ಹತ್ತು ವರ್ಷಕ್ಕೂ ಮೀರಿ ಬೇರೆಯವರ ಹಿಂದೆ ಕೂತು ನುಡಿಸಿದ ಮನುಷ್ಯ. ಆಮೇಲೆ ಸಿಕ್ಕಿದ್ದು ನಾಲ್ಕೇ ವರ್ಷ. ಆ ನಾಲ್ಕು ವರ್ಷದಲ್ಲಿ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆ, ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ನುಡಿಸಿದರು, ಪಕ್ಕವಾದ್ಯವೇ ಇಲ್ಲದೆ ಒಂಟಿ ಬೇಸ್ ಕ್ಲಾರಿನೆಟ್ ಹಿಡಿದು ಸಭೆ ತುಂಬಿಸಿದರು.

1964ರ ಫೆಬ್ರವರಿಯಲ್ಲಿ ಬ್ಲೂ ನೋಟ್ ಕಂಪನಿಗೆ ಅವರು ರೆಕಾರ್ಡ್ ಮಾಡಿದ ‘ಔಟ್ ಟು ಲಂಚ್’ ಆಲ್ಬಂ ನಮ್ಮ ಪಾಲಿಗೆ ಪಠ್ಯಪುಸ್ತಕ. ಐದು ರಚನೆಗಳಿವೆ. ಮೊದಲ ಎರಡರಲ್ಲಿ ಬೇಸ್ ಕ್ಲಾರಿನೆಟ್, ಮೂರನೆಯದರಲ್ಲಿ ಫ್ಲೂಟ್, ಕೊನೆಯ ಎರಡರಲ್ಲಿ ಆಲ್ಟೊ. ಇದನ್ನು ಒಂದೇ ಕೂರಿಕೆಯಲ್ಲಿ ಕೇಳಿ. ಬೇಸ್ ಕ್ಲಾರಿನೆಟ್‌ನಲ್ಲಿ ಅವರು ಹಾರುವ ಅಂತರಗಳು, ಗೊರಗೊರ ಅನ್ನಿಸುವ ಕೆಳಗಿನ ಸ್ವರಗಳು ಆಲ್ಟೊದಲ್ಲಿ ಹಾಗೇ ಬರುವುದಿಲ್ಲ. ಫ್ಲೂಟ್‌ನಲ್ಲಂತೂ ಬೇರೆಯೇ ವ್ಯಕ್ತಿ. ಆ ಫ್ಲೂಟ್ ರಚನೆಗೆ ಇಟ್ಟ ಹೆಸರು ಇಟಲಿಯ ಶಾಸ್ತ್ರೀಯ ಫ್ಲೂಟ್ ವಾದಕ ಗಾಟ್ಸೆಲ್ಲೋನಿ ಅವರದ್ದು. ಜಾಝ್ ನುಡಿಸುವವರು ಫ್ಲೂಟ್ ವಿಷಯಕ್ಕೆ ಯಾರ ಕಡೆ ನೋಡುತ್ತಿದ್ದರು ಅನ್ನುವುದಕ್ಕೆ ಇಷ್ಟು ಸಾಕು. ಆ ಆಲ್ಬಂ ಮಾಡಿದ ನಾಲ್ಕು ತಿಂಗಳಿಗೆ, ಜೂನ್ 29ಕ್ಕೆ, ಬರ್ಲಿನ್‌ನಲ್ಲಿ ತೀರಿಕೊಂಡರು. ವಯಸ್ಸು 36. ಸಕ್ಕರೆ ಕಾಯಿಲೆ ಇದ್ದದ್ದು ಅಲ್ಲಿಯವರೆಗೆ ಪತ್ತೆಯೇ ಆಗಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಕಾರ್ಯಕ್ರಮ ಮುಗಿಸಿ ಸಿಕ್ಕಿದ್ದು ತಿಂದು ಮಲಗುವ ನಮ್ಮಂಥವರು ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಸುಮ್ನೆ ಹೇಳುತ್ತಿಲ್ಲ.

ಡಾಲ್ಫಿ ಅವರ ಸ್ನೇಹಿತ, ಅವರಿಗಿಂತ ಹಿರಿಯ ಬಡ್ಡಿ ಕೊಲೆಟ್ ಅವರದ್ದು ಇನ್ನೊಂದು ದಾರಿ. ಅವರೂ ಸ್ಯಾಕ್ಸೋಫೋನ್, ಕ್ಲಾರಿನೆಟ್, ಫ್ಲೂಟ್ ಮೂರನ್ನೂ ನುಡಿಸುತ್ತಿದ್ದರು, ಸ್ಟುಡಿಯೊದಲ್ಲಿ ಇಟ್ಟ ಸ್ವರಲಿಪಿಯನ್ನು ನೋಡಿದ ಕೂಡಲೇ ಓದುತ್ತಿದ್ದರು. ಅದರಿಂದಲೇ ಹಾಸ್ಯನಟ ಗ್ರೌಚೊ ಮಾರ್ಕ್ಸ್ ಅವರ ಕಾರ್ಯಕ್ರಮದ ವಾದ್ಯವೃಂದದಲ್ಲಿ ಜಾಗ ಸಿಕ್ಕಿತು. ಆ ಕಾಲದಲ್ಲಿ ಕಪ್ಪು ಕಲಾವಿದರಿಗೆ ಅಂಥ ಕೆಲಸ ಸಿಗುವುದು ತೀರ ಅಪರೂಪ. ಲಾಸ್ ಏಂಜಲೀಸ್‌ನಲ್ಲಿ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಅಂತ ಇದ್ದ ಸಂಗೀತಗಾರರ ಸಂಘಗಳು 1953ರಲ್ಲಿ ಒಂದಾಗುವುದಕ್ಕೂ ಅವರು ದುಡಿದರು. ಹೆಸರು ಮಾಡಿದ್ದು ಡಾಲ್ಫಿ ಜಾಸ್ತಿ. ಆದರೆ ಮನೆ ನಡೆಸುವ ಲೆಕ್ಕದಲ್ಲಿ ನಮ್ಮ ಊರಿಗೆ ಹತ್ತಿರವಾದದ್ದು ಕೊಲೆಟ್ ಮಾದರಿ.

ರಾಲ್ಯಾಂಡ್ ಕರ್ಕ್ ಅವರ ವಿಡಿಯೊ ನೋಡಿ ಯಾರೂ ಪ್ರೇರಣೆ ತಗೊಳ್ಳಬೇಡಿ ಅಂತ ಹೇಳಬೇಕು ಅನ್ನಿಸುತ್ತದೆ, ಆದರೂ ನೋಡಿ. ಎಳವೆಯಲ್ಲೇ ಕಣ್ಣು ಹೋಗಿತ್ತು. ಟೆನರ್ (ಆಲ್ಟೊಗಿಂತ ದಪ್ಪ ದನಿಯ ಸ್ಯಾಕ್ಸೋಫೋನ್) ಜೊತೆ ಇನ್ನೆರಡು ವಿಚಿತ್ರ ಸ್ಯಾಕ್ಸೋಫೋನ್ ಕುತ್ತಿಗೆಗೆ ನೇತುಹಾಕಿಕೊಂಡು ಮೂರನ್ನೂ ಒಟ್ಟಿಗೆ ಬಾಯಿಗೆ ಇಟ್ಟು ಊದುತ್ತಿದ್ದರು. ಸರ್ಕಸ್ ಅಂತ ನಕ್ಕವರಿದ್ದರು. ಕೇಳಿ ನೋಡಿ, ಮೂರೂ ಸ್ವರ ಕೂಡಿ ಸರಿಯಾದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಆಗುತ್ತಿತ್ತು. 1975ರಲ್ಲಿ ಪಾರ್ಶ್ವವಾಯು ಬಡಿದು ಒಂದು ಕಡೆ ಬಿದ್ದುಹೋದಾಗ, ಒಂದೇ ಕೈಯಲ್ಲಿ ನುಡಿಸುವ ಹಾಗೆ ಸ್ಯಾಕ್ಸೋಫೋನ್ ಬದಲಾಯಿಸಿಕೊಂಡು ಮತ್ತೆ ವೇದಿಕೆ ಹತ್ತಿದರು. ಯೂಸೆಫ್ ಲತೀಫ್ ಅವರು ಟೆನರ್, ಫ್ಲೂಟ್ ಜೊತೆ ಓಬೊ, ನಮ್ಮ ಶಹನಾಯಿಯನ್ನೂ ಜಾಝ್ ಒಳಗೆ ತಂದವರು. 1920ರಲ್ಲಿ ಹುಟ್ಟಿ 2013ರವರೆಗೆ ಬಾಳಿದರು.

ಇನ್ನು ಉಲ್ಟಾ ಉದಾಹರಣೆ ನಮ್ಮಲ್ಲೇ ಇದೆ. ಕದ್ರಿ ಗೋಪಾಲನಾಥ್ ಅವರು ನಾದಸ್ವರದ ಮನೆಯಲ್ಲಿ ಹುಟ್ಟಿದವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೇ ಮನಸ್ಸು ಕೊಟ್ಟರು. ಇಡೀ ಜನ್ಮ ಅದೊಂದನ್ನೇ ಹಿಡಿದು ಗಮಕ ಬರುವ ಹಾಗೆ ಪಳಗಿಸಿದರು. 1980ರ ಬಾಂಬೆ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಕ್ಯಾಲಿಫೋರ್ನಿಯಾದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ತಾವೇ ಕೇಳಿಕೊಂಡು ಜೊತೆಗೆ ನುಡಿಸಿದರು. ಮುಂದೆ ಭಾರತೀಯ ಮೂಲದ ಅಮೆರಿಕನ್ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ಮಾಡಿದ ‘ಕಿನ್ಸ್‌ಮೆನ್’ ಆಲ್ಬಂ 2008ರಲ್ಲಿ ಬಂತು. ಎರಡು ಆಲ್ಟೊ, ಎರಡು ಲೋಕ. ಇದನ್ನು ಯಾಕೆ ಹೇಳಿದೆ ಅಂದರೆ, ಎರಡನೇ ವಾದ್ಯ ಕೊಳ್ಳಬೇಕು ಅನ್ನಿಸಿದ್ದು ನಿಜವಾಗಿ ಮೊದಲನೆಯದರ ಮೇಲೆ ಬೇಜಾರಾಗಿದ್ದಕ್ಕಾ ಅಂತ ಒಮ್ಮೆ ಕೇಳಿಕೊಳ್ಳಿ. ಹಾಗಿದ್ದರೆ ದುಡ್ಡು ಉಳಿಸಿ, ಇರುವ ವಾದ್ಯಕ್ಕೆ ಒಳ್ಳೆ ಮೌತ್‌ಪೀಸ್ ತಗೊಳ್ಳಿ.

ಎರಡನೆಯದು ಯಾವುದು?

ನನ್ನ ಉತ್ತರ ಸುಮಾರು ಜನಕ್ಕೆ ಇಷ್ಟವಾಗಲ್ಲ: ಕೀಬೋರ್ಡ್. ಹಳೆಯದಾದರೂ ಪರವಾಗಿಲ್ಲ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಊದುವ ವಾದ್ಯದಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಕೇಳಿಸುತ್ತದೆ. ಜಾಝ್ ಇರುವುದು ಕೆಳಗೆ ಸರಿಯುವ ಕಾರ್ಡ್‌ಗಳಲ್ಲಿ. ನಮ್ಮಲ್ಲಿ ಕರ್ನಾಟಕ ಸಂಗೀತ ಕಲಿತು ಬಂದವರಿಗೆ ಇದೇ ದೊಡ್ಡ ಗೋಡೆ. ಶ್ರುತಿ ಪೆಟ್ಟಿಗೆ ಎರಡು ಮೂರು ಕ್ಷಣಕ್ಕೊಮ್ಮೆ ತಾನಾಗಿಯೇ ಮನೆ (ಆಧಾರ ಸ್ವರ) ಬದಲಾಯಿಸುತ್ತಾ ಹೋದರೆ ಹೇಗಿರುತ್ತದೆ ಅಂತ ಯೋಚಿಸಿ, ಹಾಗೆ ಇದು. ಕೀಬೋರ್ಡ್‌ನಲ್ಲಿ ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್ ಅನ್ನುವ ಮೂರು ಕಾರ್ಡ್ ಒತ್ತಿ ಒತ್ತಿ ಕಿವಿಗೆ ಇಳಿಸಿಕೊಳ್ಳಿ. ಆಮೇಲೆ ಹನ್ನೆರಡು ಶ್ರುತಿಯಲ್ಲೂ.

ನಿಮ್ಮ ಬಳಿ ಈಗಾಗಲೇ ಇರುವ ಬಂಡವಾಳವನ್ನು ಮರೆಯಬೇಡಿ. ಶಂಕರಾಭರಣ ಅಂದರೆ ಮೇಜರ್ ಸ್ಕೇಲ್. ಖರಹರಪ್ರಿಯ ಅಂದರೆ ಪಾಶ್ಚಾತ್ಯರ ಡೋರಿಯನ್, ಹರಿಕಾಂಬೋಜಿ ಮಿಕ್ಸೋಲಿಡಿಯನ್, ಕಲ್ಯಾಣಿ ಲಿಡಿಯನ್. ಮೇಲಿನ ಮೂರು ಕಾರ್ಡ್‌ಗೆ ಡಿ ಇಂದ ಖರಹರಪ್ರಿಯ, ಜಿ ಇಂದ ಹರಿಕಾಂಬೋಜಿ, ಸಿ ಇಂದ ಶಂಕರಾಭರಣ. ಮೂರಕ್ಕೂ ಅದೇ ಏಳು ಸ್ವರ, ಗ್ರಹಭೇದ ಗೊತ್ತಿದ್ದವರಿಗೆ ಇದು ಹೊಸದೇ ಅಲ್ಲ. ಸರಳೆ ವರಸೆ, ಜಂಟಿ ವರಸೆಯನ್ನೇ ಹನ್ನೆರಡು ಜಾಗದಿಂದ ನುಡಿಸಿದರೆ ಅರ್ಧ ಕೆಲಸ ಮುಗಿಯಿತು. ಗಮಕವನ್ನು ಮಾತ್ರ ಎಲ್ಲ ಕಡೆ ಸುರಿಯಬೇಡಿ.

ಕೀಬೋರ್ಡ್ ಆಯಿತು, ಈಗ ಊದುವ ವಾದ್ಯ. ಸ್ಯಾಕ್ಸೋಫೋನ್ ಇಂದ ಫ್ಲೂಟ್‌ಗೆ ಬೆರಳು ಸುಲಭವಾಗಿ ಹೊಂದುತ್ತದೆ. ಸಣ್ಣಪುಟ್ಟ ಮೋಸಗಳಿವೆ, ಉದಾಹರಣೆಗೆ ಎಫ್ ಶಾರ್ಪ್‌ಗೆ ಸ್ಯಾಕ್ಸೋಫೋನ್‌ನಲ್ಲಿ ಬಲಗೈ ನಡುಬೆರಳು, ಫ್ಲೂಟ್‌ನಲ್ಲಿ ಉಂಗುರದ ಬೆರಳು. ಕಷ್ಟ ಇರುವುದು ತುಟಿಯಲ್ಲಿ. ಗಾಳಿಗೆ ನಡುಗಿ ಸದ್ದು ಹೊರಡಿಸುವ ರೀಡ್ ಪಟ್ಟಿ ಇಲ್ಲ, ಅರ್ಧ ಗಾಳಿ ಹೊರಗೇ ಹೋಗುತ್ತದೆ, ಶುರುವಿನಲ್ಲಿ ತಲೆ ಸುತ್ತುತ್ತದೆ. ಬಿದಿರಿನ ಕೊಳಲು ಬರುವವರಿಗೆ ಇಲ್ಲಿ ಒಂದು ಹೆಜ್ಜೆ ಮುಂದಿನ ಜಾಗ ಸಿಗುತ್ತದೆ, ಊದುವ ಗುಟ್ಟು ಅದೇ.

ಕ್ಲಾರಿನೆಟ್ ನೋಡಲು ಸ್ಯಾಕ್ಸೋಫೋನಿನ ತಮ್ಮನ ಹಾಗಿದ್ದರೂ ಸ್ವಭಾವ ಬೇರೆ. ಸ್ಯಾಕ್ಸೋಫೋನ್ ಕೊಳವೆ ಶಂಕುವಿನ ಹಾಗೆ ಅಗಲವಾಗುತ್ತಾ ಹೋಗುತ್ತದೆ. ಹಾಗಾಗಿ ಮೇಲಿನ ಕೀ ಒತ್ತಿದರೆ ಅದೇ ಬೆರಳಿಗೆ ತಾರಸ್ಥಾಯಿಯ ಅದೇ ಸ್ವರ ಬರುತ್ತದೆ. ಕ್ಲಾರಿನೆಟ್ ಕೊಳವೆ ಹೆಚ್ಚುಕಡಿಮೆ ಒಂದೇ ಅಗಲ. ಅದರಲ್ಲಿ ಸ್ಥಾಯಿಯನ್ನೂ ದಾಟಿ ಇನ್ನೊಂದು ಪಂಚಮದಷ್ಟು ಮೇಲಕ್ಕೆ ಹಾರುತ್ತದೆ. ಅಂದರೆ ಕೆಳಗೆ ಒಂದು ಬೆರಳ ಪಾಠ, ಮೇಲೆ ಇನ್ನೊಂದು. ಮಧ್ಯದ ಗಡಿ ದಾಟುವಾಗ ಕಿರ್ ಅಂತ ಕೂಗುತ್ತದೆ. ರಂಧ್ರಗಳನ್ನು ಬೆರಳಿನಿಂದಲೇ ಮುಚ್ಚಬೇಕು, ಸ್ವಲ್ಪ ಸಂದು ಬಿಟ್ಟರೂ ಮಾನ ಹೋಗುತ್ತದೆ. ಕ್ಲಾರಿನೆಟ್ ಇಂದ ಸ್ಯಾಕ್ಸೋಫೋನ್‌ಗೆ ಬರುವುದು ಸುಲಭ, ಉಲ್ಟಾ ಹೋಗುವುದು ಕಷ್ಟ. ಡಾಲ್ಫಿ ಕ್ಲಾರಿನೆಟ್ ಇಂದ ಶುರು ಮಾಡಿದ್ದರು, ನೆನಪಿದೆಯಾ? ಮಗುವಿಗೆ ಕಲಿಸಬೇಕು ಅಂತಿದ್ದರೆ ಕ್ಲಾರಿನೆಟ್ಟೇ ಮೊದಲು.

ಕೊಳ್ಳುವಾಗ ಮರದ ಕ್ಲಾರಿನೆಟ್‌ಗೆ ಆಸೆ ಬೀಳಬೇಡಿ, ಮೊದಲಿಗಂತೂ ಬೇಡ. ಫೆಬ್ರವರಿ ಮಾರ್ಚ್‌ನ ಬೆಂಗಳೂರಿನ ಒಣ ಹವೆಗೆ ಮರ ಬಿರುಕು ಬಿಡಬಹುದು. ಎಬಿಎಸ್ ಪ್ಲಾಸ್ಟಿಕ್‌ನದ್ದು ಸಾಕು. ಹೊಸ ಯಮಹಾ ಆಲ್ಟೊ ಅಂದರೆ ವಿದ್ಯಾರ್ಥಿಗಳ ಮಾದರಿಯೇ ಲಕ್ಷದ ಆಸುಪಾಸು. ಅದಕ್ಕೇ ಸೆಕೆಂಡ್ ಹ್ಯಾಂಡ್ ಕಡೆ ಕಣ್ಣು ಹೋಗುತ್ತದೆ, ತಪ್ಪಿಲ್ಲ. ಆದರೆ ನುಡಿಸಲು ಬರುವ ಒಬ್ಬರನ್ನು ಕರೆದುಕೊಂಡು ಹೋಗಿ. ಕೊಳವೆಯ ಒಳಗೆ ಸಣ್ಣ ಬಲ್ಬ್ ಇಳಿಬಿಟ್ಟು ಕತ್ತಲಲ್ಲಿ ನೋಡಿದರೆ ರಂಧ್ರ ಮುಚ್ಚುವ ಯಾವ ಪ್ಯಾಡ್ ಸರಿಯಾಗಿ ಕೂರುತ್ತಿಲ್ಲ ಅಂತ ಬೆಳಕೇ ತೋರಿಸುತ್ತದೆ. ಮೀರತ್ತಿನ ಜಾಲಿ ಕೋಠಿಯಲ್ಲಿ ತಯಾರಾಗುವ ಬ್ಯಾಂಡ್ ಸೆಟ್ ವಾದ್ಯಗಳು ಅಗ್ಗ, ಗಟ್ಟಿ. ಮೆರವಣಿಗೆಗೆ ಚೆನ್ನಾಗಿದ್ದಾವೆ, ಶ್ರುತಿ ಮಾತ್ರ ಟ್ಯೂನರ್ ಹಿಡಿದು ಒಂದೊಂದೇ ಸ್ವರ ನೋಡದೆ ತಗೊಳ್ಳಬೇಡಿ.

ಅಪಾರ್ಟ್‌ಮೆಂಟ್‌ನಲ್ಲಿ ಅಭ್ಯಾಸ

ವಸತಿ ಪ್ರದೇಶಕ್ಕೆ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಸ್ಯಾಕ್ಸೋಫೋನ್ ಪಕ್ಕದಲ್ಲಿ ನಿಂತರೆ 90 ಸುಲಭವಾಗಿ ದಾಟುತ್ತದೆ. ಆಮೇಲೆ ಅಸೋಸಿಯೇಷನ್ ವಾಟ್ಸ್ಯಾಪ್ ಗ್ರೂಪ್‌ನಲ್ಲಿ ನಿಮ್ಮ ಹೆಸರು ಬರುತ್ತದೆ, ಅಲ್ವಾ? ಸ್ಯಾಕ್ಸೋಫೋನಿನ ಅಗಲ ಬಾಯಿಯೊಳಗೆ ಬಟ್ಟೆ ತುರುಕಿದರೆ ಸದ್ದು ಕಮ್ಮಿಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಹೆಚ್ಚೇನೂ ಆಗಲ್ಲ. ಸದ್ದು ಮುಖ್ಯವಾಗಿ ಬರುವುದು ತೆರೆದ ರಂಧ್ರಗಳಿಂದ, ಬಟ್ಟೆ ತುರುಕಿದರೆ ಕೆಳಗಿನ ಸ್ವರಗಳು ಕೆಡುತ್ತವೆ ಅಷ್ಟೇ. ಬಟ್ಟೆ ಬೀರುವಿನ ಬಾಗಿಲು ತೆಗೆದು ಅದರ ಕಡೆ ಮುಖ ಮಾಡಿ ಊದಿ, ಕಿಟಕಿ ಮುಚ್ಚಿ, ಅಕ್ಕಪಕ್ಕದವರಿಗೆ ಮೊದಲೇ ಸಮಯ ಹೇಳಿಬಿಡಿ. ಜೋರಾಗಿ ಊದಬೇಕಾದ್ದನ್ನು ವಾರಕ್ಕೊಮ್ಮೆ ಗಂಟೆ ಲೆಕ್ಕದ ಜಾಮ್ ರೂಮಿಗೆ ಇಟ್ಟುಕೊಳ್ಳಿ. ರಾತ್ರಿ ಏನಿದ್ದರೂ ಹೆಡ್‌ಫೋನ್ ಹಾಕಿದ ಕೀಬೋರ್ಡ್, ಇಲ್ಲವೇ ಊದದೆ ಬರೀ ಬೆರಳು ಆಡಿಸುವುದು.

ದಿನದಲ್ಲಿ ಮೂರೂ ವಾದ್ಯ ಮುಟ್ಟುವುದಾದರೆ ಫ್ಲೂಟ್ ಮೊದಲು. ರೀಡ್ ವಾದ್ಯ ಊದಿದ ಮೇಲೆ ತುಟಿ ಮರಗಟ್ಟಿ ಊದಿಕೊಂಡಿರುತ್ತದೆ, ಆಗ ಫ್ಲೂಟ್ ಎತ್ತಿದರೆ ಬರೀ ಗಾಳಿ. ಆಮೇಲೆ ಕ್ಲಾರಿನೆಟ್, ಕೊನೆಗೆ ಸ್ಯಾಕ್ಸೋಫೋನ್. ಯಾವುದೇ ಆದರೂ ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು ಊದುವುದರಿಂದಲೇ ಶುರು. ಟ್ಯೂನರ್ ಮುಳ್ಳು ಅಲುಗಬಾರದು. ನಾಲಿಗೆಯಿಂದ ತಟ್ಟಿ ಸ್ವರ ಬಿಡಿಸುವುದಕ್ಕೆ ಕೊಳಲಿನವರು ತುತ್ತುಕಾರ ಅನ್ನುತ್ತಾರಲ್ಲ, ಅದನ್ನು ಮೂರರಲ್ಲೂ ಬೇರೆಬೇರೆಯಾಗಿ ಸಾಧಿಸಬೇಕು. ಸ್ಯಾಕ್ಸೋಫೋನಿನ ಸಡಿಲ ಬಾಯಿಯಲ್ಲಿ ಕ್ಲಾರಿನೆಟ್ ಊದಿದರೆ ಶ್ರುತಿ ಕೆಳಗೆ ಜಾರುತ್ತದೆ.

ಇದೆಲ್ಲ ಆದ ಮೇಲೂ ಒಂದು ಅಭ್ಯಾಸ ಬಾಕಿ, ಅದನ್ನು ಯಾರೂ ಮಾಡುವುದಿಲ್ಲ: ಬದಲಾಯಿಸುವ ಅಭ್ಯಾಸ. ಲಯ ಎಣಿಸುವ ಮೆಟ್ರೊನೋಮ್ ಹಾಕಿ. ಎಂಟು ಬಾರ್ (ತಾಳದ ಆವರ್ತ) ಸ್ಯಾಕ್ಸೋಫೋನ್, ನಾಲ್ಕು ಬಾರ್ ಖಾಲಿ, ಆ ನಾಲ್ಕರೊಳಗೆ ಫ್ಲೂಟ್ ಎತ್ತಿ ಮೊದಲ ಸ್ವರವೇ ಸರಿ ಬೀಳಬೇಕು. ವೇದಿಕೆ ಮೇಲೆ ಆ ಫ್ಲೂಟ್ ಅರ್ಧ ಗಂಟೆಯಿಂದ ತಣ್ಣಗೆ ನಿಂತಿರುತ್ತದೆ, ತಣ್ಣಗಿದ್ದರೆ ಶ್ರುತಿ ಇಳಿದಿರುತ್ತದೆ. ಡಿಸೆಂಬರ್‌ನ ತೆರೆದ ಮೈದಾನದ ಕಾರ್ಯಕ್ರಮದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಬೇರೆಯವರ ಸೋಲೊ ನಡೆಯುವಾಗ ಕೊಳವೆಯೊಳಗೆ ಸದ್ದಿಲ್ಲದೆ ಬೆಚ್ಚಗಿನ ಉಸಿರು ಬಿಡುತ್ತಿರಿ. ರೀಡ್ ಒಣಗದಂತೆ ಮೌತ್‌ಪೀಸ್‌ಗೆ ಮುಚ್ಚಳ ಹಾಕಿಡಿ.

ಶ್ರುತಿ ಲೆಕ್ಕವೂ ಬಾಯಿಪಾಠ ಇರಬೇಕು, ಒಂದೇ ಸ್ವರಕ್ಕೆ ಒಂದೊಂದು ವಾದ್ಯದಲ್ಲಿ ಒಂದೊಂದು ಹೆಸರು. ಪಿಯಾನೊದವರು ಸಿ ಅಂದರೆ ಫ್ಲೂಟ್‌ಗೆ ಸಿ, ಟೆನರ್ ಮತ್ತು ಕ್ಲಾರಿನೆಟ್‌ಗೆ ಡಿ, ಆಲ್ಟೊಗೆ ಎ. ಹಾಡುವವರು ‘ಒಂದೂವರೆ ಮನೆಗೆ ಹಾಡುತ್ತೇನೆ’ ಅಂದರೆ ಅದು ಸಿ ಶಾರ್ಪ್, ನಿಮ್ಮ ಆಲ್ಟೊದಲ್ಲಿ ಬಿ ಫ್ಲಾಟ್. ಇದನ್ನು ಅಲ್ಲೇ ನಿಂತು ಬೆರಳೆಣಿಸುತ್ತಾ ಕೂತರೆ ಮುಂದಿನ ಸಲ ಕರೆಯಲ್ಲ.

ಮೇಷ್ಟ್ರ ವಿಷಯ. ಮೂರೂ ವಾದ್ಯಕ್ಕೆ ಒಬ್ಬರೇ ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಫ್ಲೂಟ್‌ಗೆ ಶಾಸ್ತ್ರೀಯ ಫ್ಲೂಟಿನವರ ಬಳಿಯೇ ಹೋಗಿ. 1987ರಲ್ಲಿ ಶುರುವಾದ ಬ್ಯಾಂಗಲೋರ್ ಸ್ಕೂಲ್ ಆಫ್ ಮ್ಯೂಸಿಕ್‌ನಂಥ ಕಡೆ ವಿಚಾರಿಸಬಹುದು. ಪರೀಕ್ಷೆ ಬೇಕು ಅನ್ನುವವರಿಗೆ ಲಂಡನ್ನಿನ ಪರೀಕ್ಷಾ ಸಂಸ್ಥೆ ಟ್ರಿನಿಟಿಯಲ್ಲಿ ಜಾಝ್ ಗ್ರೇಡ್‌ಗಳಿವೆ. ಸರ್ಟಿಫಿಕೇಟ್ ನೋಡಿ ಯಾರೂ ಕೆಲಸ ಕೊಡಲ್ಲ, ಆದರೆ ಸ್ವರಲಿಪಿ ಓದುವ ಶಿಸ್ತು ಬರುತ್ತದೆ. ಕೊಲೆಟ್ ಅವರಿಗೆ ಅನ್ನ ಹಾಕಿದ್ದು ಅದೇ.

ಕೆಲಸ, ದುಡ್ಡು

ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಪಬ್‌ನಲ್ಲಿ ಒಳ್ಳೆ ಜಾಝ್ ಇರುತ್ತದೆ, ಮೊದಲು ಟಿಕೆಟ್ ತಗೊಂಡು ಹೋಗಿ ಕೇಳಿ. ನೇರಳೆ ಮೆಟ್ರೊ ಈಗ ಅಲ್ಲಿಯವರೆಗೂ ಹೋಗುತ್ತದೆ, ವಾದ್ಯದ ಕೇಸ್ ಹಿಡಿದು ಸಿಲ್ಕ್ ಬೋರ್ಡ್ ದಾಟುವ ಕರ್ಮ ಎಲ್ಲರಿಗೂ ಇಲ್ಲ. ಜೂನ್ 21ರ ವಿಶ್ವ ಸಂಗೀತ ದಿನ, ಏಪ್ರಿಲ್ 30ರ ಜಾಝ್ ದಿನದ ಸುತ್ತ ಸಣ್ಣ ವೇದಿಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಮುಖ ಪರಿಚಯ ಮಾಡಿಕೊಳ್ಳಿ.

ಹೊಟ್ಟೆಪಾಡು ಬೇರೆ ಕಡೆ ಇದೆ. ಗಣೇಶನ ಹಬ್ಬದ ರಸಮಂಜರಿ, ಮದುವೆ ರಿಸೆಪ್ಷನ್, ಕಂಪನಿಗಳ ವಾರ್ಷಿಕೋತ್ಸವ, ಚರ್ಚ್‌ನ ಕ್ರಿಸ್‌ಮಸ್, ಸ್ಟುಡಿಯೊ ರೆಕಾರ್ಡಿಂಗ್. ಜಾಝ್ ಕಲಿತವರು ರಸಮಂಜರಿ ಅಂದರೆ ಮೂಗು ಮುರಿಯುವುದನ್ನು ನೋಡಿದ್ದೇನೆ. ಹಳೆಯ ಹಾಡುಗಳಲ್ಲಿ ಒಂದೇ ಹಾಡಿಗೆ ಫ್ಲೂಟ್ ಬಿಟ್, ಸ್ಯಾಕ್ಸೋಫೋನ್ ಬಿಟ್ ಎರಡೂ ಬರುತ್ತವೆ, ಮಧ್ಯೆ ಉಸಿರಾಡಲೂ ಪುರುಸೊತ್ತಿಲ್ಲ. ಬದಲಾಯಿಸುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆ ಗರಡಿ ಸಿಗಲ್ಲ. ಬಾಂಬೆಯ ಸಿನಿಮಾ ಸಂಗೀತದಲ್ಲಿ ದೊಡ್ಡ ಹೆಸರಾದ ಮನೋಹರಿ ಸಿಂಗ್ ಅವರಿಗೆ ಸ್ಯಾಕ್ಸೋಫೋನ್, ಫ್ಲೂಟ್, ಕ್ಲಾರಿನೆಟ್, ಮ್ಯಾಂಡೊಲಿನ್ ಎಲ್ಲವೂ ಬರುತ್ತಿತ್ತು.

ಮನೆಯಲ್ಲೇ ರೆಕಾರ್ಡ್ ಮಾಡಿ ಒಂದು ನಿಮಿಷದ ತುಣುಕು ಇಟ್ಟುಕೊಳ್ಳಿ. ಒಂದರ ಮೇಲೊಂದು ಸೇರಿಸಿ ಒಬ್ಬರೇ ಇಡೀ ಬ್ಯಾಂಡ್ ಆಗುವುದು ಹೊಸ ಚಾಳಿ ಏನಲ್ಲ. ಅಮೆರಿಕದ ಜಾಝ್ ವಾದಕ ಸಿಡ್ನಿ ಬೆಶೆ 1941ರಲ್ಲೇ ಕ್ಲಾರಿನೆಟ್, ಎರಡು ಬಗೆಯ ಸ್ಯಾಕ್ಸೋಫೋನ್, ಪಿಯಾನೊ, ಬೇಸ್, ಡ್ರಮ್ಸ್ ಎಲ್ಲ ತಾವೇ ನುಡಿಸಿ ರೆಕಾರ್ಡ್ ಮಾಡಿದ್ದರು, ಅದೂ ಟೇಪ್ ಇಲ್ಲದ ಕಾಲದಲ್ಲಿ. ನಿಮ್ಮ ಬಳಿ ಲ್ಯಾಪ್‌ಟಾಪ್ ಇದೆ.

ಕೆಲಸಕ್ಕೆ ಫೋನ್ ಬಂದಾಗ ‘ಎಷ್ಟು ಕೊಡ್ತೀರಾ’ ಅನ್ನುವುದಕ್ಕಿಂತ ಮೊದಲು ‘ಯಾವ ಯಾವ ವಾದ್ಯ ತರಬೇಕು’ ಅಂತ ಕೇಳಿ. ಎರಡನೇ ವಾದ್ಯಕ್ಕೆ ಬೇರೆ ದುಡ್ಡು ಕೇಳುವುದು ತಪ್ಪಲ್ಲ. ಅಮೆರಿಕದ ಸಂಗೀತಗಾರರ ಸಂಘದ ಒಪ್ಪಂದಗಳಲ್ಲೇ ಹೆಚ್ಚುವರಿ ವಾದ್ಯಕ್ಕೆ ಹೆಚ್ಚುವರಿ ಸಂಬಳ ಇದೆ. ಇಲ್ಲಿ ಅಂಥ ನಿಯಮ ಯಾರೂ ಇಟ್ಟಿಲ್ಲ, ನೀವೇ ಬಾಯಿ ಬಿಡಬೇಕು. ‘ಅಣ್ಣಾ, ಫ್ಲೂಟ್ ಸುಮ್ನೆ ಹಾಗೇ ತಗೊಂಬನ್ನಿ’ ಅನ್ನುವವರಿಗೆ ನಗುತ್ತಲೇ ರೇಟ್ ಹೇಳಿ. ಅಡ್ವಾನ್ಸ್ ತಗೊಳ್ಳಿ, ಹಾಡಿನ ಪಟ್ಟಿ ಮತ್ತು ಯಾವ ಮನೆಗೆ ಹಾಡುತ್ತಾರೆ ಅನ್ನುವುದನ್ನು ವಾಟ್ಸ್ಯಾಪ್‌ನಲ್ಲಿ ಬರೆಸಿಕೊಳ್ಳಿ, ಎರಡು ಮೈಕ್ ಬೇಕು ಅಂತ ಅವತ್ತೇ ಹೇಳಿ. ಫ್ಲೂಟ್ ಮೈಕ್ ಸ್ಯಾಕ್ಸೋಫೋನ್ ಮೈಕಿಗಿಂತ ಎತ್ತರದಲ್ಲಿರಬೇಕು, ಸೌಂಡ್‌ನವರಿಗೆ ಇದನ್ನು ಪ್ರತಿ ಸಲವೂ ಹೇಳಬೇಕಾಗುತ್ತದೆ. ಕಂಪನಿ ಕಾರ್ಯಕ್ರಮವಾದರೆ ಟಿಡಿಎಸ್ ಹಿಡಿದು ಕೊಡುತ್ತಾರೆ. ಆದಾಯ ಕಮ್ಮಿ ಇದ್ದರೆ ರಿಟರ್ನ್ಸ್ ಹಾಕಿ ಅದನ್ನು ವಾಪಸ್ ಪಡೆಯಬಹುದು, ಬಿಲ್ ಎಲ್ಲ ಎತ್ತಿಡಿ.